ಹೆಸರಷ್ಟೇ ಹಿಡಿದಿಟ್ಟ ಪೆನ್‌ಡ್ರೈವ್

ಸ್ನೇಹಲ, ಓಂಕಾರ,

ಹೋದ ಆದಿತ್ಯವಾರ ನೀವಿಬ್ಬರೂ ಹಾರ್ಡ್‌ಡಿಸ್ಕಿನ ಸಲುವಾಗಿ ಜಗಳಾಡುವಾಗ ನಾನು ನಡುವೆ ಬಾಯಿ ಹಾಕಿದೆನಲ್ಲ, ಆಗಿನ ನಿಮ್ಮ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ಒಲೆಯ ಮುಂದಿನ ಬೆಕ್ಕು ಎದ್ದು ಕುಳಿತು ಮಗ್ಗಿ ಹೇಳಿದ್ದರೂ ನೀವು ಅಷ್ಟು ದಂಗಾಗುತ್ತಿರಲಿಲ್ಲ. ಓಂಕಾರನಿಗೆ ಮೊಬೈಲಿನಲ್ಲಿ ಕಂಡದ್ದು ಬೇಕು, ಕಡಿಮೆ ರೊಕ್ಕಕ್ಕೆ ಗುಡ್ಡದಷ್ಟು ಹಿಡಿಸುವಂಥದ್ದು. ಸ್ನೇಹಲಳಿಗೆ ಚಿಕ್ಕೋಡಿಯ ಅಂಗಡಿಯಲ್ಲಿ ಬಿಲ್ಲು ಕೊಟ್ಟು ಮಾರುವ ಸಣ್ಣದೇ ಸಾಕು. ನಾನು ಮೂಲೆಯಲ್ಲಿ ಮೆಂತ್ಯಪಲ್ಲೆ ಸೋಸುತ್ತಿದ್ದವಳು ತಲೆ ಎತ್ತದೆ ಹೇಳಿದೆ:

“ಯಾವುದರ ತಗೋರಿ. ಮೊದಲ ಕಂಠಮಟ ತುಂಬಸ್ರಿ. ಆಮ್ಯಾಲ ಕಡೀಕ ಹಾಕಿದ್ದನ್ನ ತಗದ ನೋಡ್ರಿ. ಮೊದಲ ಹಾಕಿದ್ದು ನೆಟ್ಟಗ ಐತಿ ಅಂತ ನಂಬಬ್ಯಾಡ್ರಿ.”

ಇದನ್ನೆಲ್ಲ ನಿನಗೆ ಯಾರು ಕಲಿಸಿದರು ಎಂದು ಓಂಕಾರ ಕೇಳಿದ. ಸ್ನೇಹಲ ನಕ್ಕಳು. ನನಗೆ ನಾಚಿಕೆಯಾಗಿ ಪಲ್ಲೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ನಾನು ಬಾಯಿಬಿಟ್ಟು ಹೇಳಲಾರದವಳು, ನಿಮಗೇ ಗೊತ್ತು. ಆದರೆ ಕಾಗದ ನನ್ನ ಮುಖ ನೋಡುವುದಿಲ್ಲ, ನಗುವುದೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ನಿಪ್ಪಾಣಿ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ, ನಾಲ್ಕನೆಯ ಇಯತ್ತೆಯವರೆಗೆ. ಶಾಲೆಯ ಹೊರಗೆಲ್ಲ ಮರಾಠಿ, ಒಳಗೆ ಕನ್ನಡ, ನನ್ನ ಬಾಯಲ್ಲಿ ಎರಡೂ ಇಲ್ಲ. ಒಬ್ಬರು ಮಗ್ಗಿ ಹೇಳಿಕೊಟ್ಟು ಉಳಿದವರು ಹಿಂದೆ ಅನ್ನುವಾಗ ಮಾತ್ರ ನನ್ನ ದನಿ ಎಲ್ಲರಿಗಿಂತ ಗಟ್ಟಿ. ಈಗ ನೀನೊಬ್ಬಳೇ ಹೇಳು ಎಂದು ಗುರುಗಳು ಎಬ್ಬಿಸಿದರೆ ಎರಡೊಂದ್ಲೆ ಎರಡೂ ಬರುತ್ತಿರಲಿಲ್ಲ. ಈ ಹುಡುಗಿಗೆ ದೇವರು ಬಾಯಿ ಕೊಟ್ಟದ್ದು ರೊಟ್ಟಿ ತಿನ್ನಲಿಕ್ಕಷ್ಟೇ ಎಂದು ಗುರುಗಳು ನಮ್ಮಪ್ಪನಿಗೆ ಹೇಳಿದ್ದರು. ನಮ್ಮಪ್ಪ, ರೊಟ್ಟಿಯನ್ನೂ ಅಷ್ಟೇನು ತಿನ್ನೂದಿಲ್ರಿ ಗುರುಗಳ, ಅಂದಿದ್ದ.

ನಮ್ಮಪ್ಪನದು ತುಂಡು ಹೊಲ, ಅದರಲ್ಲಿ ತಂಬಾಕು. ಸುಗ್ಗಿಯಲ್ಲಿ ಮನೆಯ ಮಂದಿಗೆಲ್ಲ ಸೀನು. ಬಸುರಿಗೂ ಸೀನು, ಬಾಣಂತಿಗೂ ಸೀನು, ತೊಟ್ಟಿಲಿನ ಕೂಸಿಗೂ ಸೀನು. ನಿಪ್ಪಾಣಿಯ ಪೇಟೆಗೆ ಮೂಟೆ ಒಯ್ಯುವಾಗ ಒಮ್ಮೆ ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದ. ಅಲ್ಲಿಯ ಸಾವಕಾರ ಮೂಟೆಯ ಬಾಯಿ ಬಿಚ್ಚಿದ, ಮೇಲಿನ ಎಲೆಗಳ ಕಡೆ ಕಣ್ಣೆತ್ತಿ ಸಹ ನೋಡಲಿಲ್ಲ. ತೋಳು ಭುಜದವರೆಗೆ ಒಳಗೆ ತೂರಿಸಿ, ಹೊಟ್ಟೆಯೊಳಗಿಂದ ಒಂದು ಎಲೆ ಎಳೆದು, ತಿಕ್ಕಿ ಮೂಸಿದ. ನನಗೆ ಕೋಳಿಯ ಹೊಟ್ಟೆಗೆ ಕೈ ಹಾಕಿದವರನ್ನು ಕಂಡಂತೆ ಅಳು ಬಂತು. ಮನೆಗೆ ಮರಳುವ ದಾರಿಯಲ್ಲಿ ಅಪ್ಪ ಹೇಳಿದ, ಮೂಟಿ ಬಾಯಿ ಎಲ್ಲಾರೂ ಚಂದ ಮಾಡಿ ಇಟ್ಟಿರತಾರ ಮಗಳ, ಖರೇ ಮಾತ ಹೊಟ್ಟ್ಯಾಗ ಇರತೈತಿ. ಆ ಮಾತು ನೆನಪಿತ್ತು. ಬೇಕಾದ ದಿವಸ ಮಾತ್ರ ನೆನಪಾಗಲಿಲ್ಲ.

ಲಗ್ನವಾಗಿ ಹೊಳೆದಂಡೆಯ ಈ ಜುಗೂಳಕ್ಕೆ ಬಂದೆ. ಬಂದವಳನ್ನು ಬಾಗಿಲಲ್ಲಿ ಎದುರುಗೊಂಡವಳು ನಿಮ್ಮ ದೊಡ್ಡಾಯಿ, ನನ್ನ ನೆಗೆಣ್ಣಿ, ನಿಮ್ಮ ಅಜ್ಜನ ಅಣ್ಣನ ಹೆಂಡತಿ. ನಾನು ಕರೆಯುತ್ತಿದ್ದುದು ಅಕ್ಕಾ ಎಂದೇ. ಅಕ್ಕನ ದನಿ ಹೊಳೆಯ ಆಚೆಯ ದಂಡೆಗೆ ಕೇಳುತ್ತಿತ್ತು. ನಮ್ಮ ಎಮ್ಮೆಯನ್ನು ಕೂಗಿದರೆ ನೆರೆಮನೆಯವರ ಎಮ್ಮೆಯೂ ಬರುತ್ತಿತ್ತು. ಊರಿನಲ್ಲಿ ಯಾರ ಮನೆಯ ಹಂದರವಾದರೂ ಸೋಬಾನ ಪದಕ್ಕೆ ಅವಳೇ ಬೇಕು. ಮದುಮಗಳಿಗೆ ಸುರಗಿ ನೀರೆರೆಯುವಾಗ ಒಂದು ಪದ, ಅರಿಸಿನ ಹಚ್ಚುವಾಗ ಒಂದು, ಹೆಣ್ಣು ಒಪ್ಪಿಸುವಾಗ ಒಂದು. ಪದದ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಒಬ್ಬಾಕೆ ಸಾಲು ಎತ್ತಿಕೊಡಬೇಕು, ಉಳಿದವರು ಅದೇ ಸಾಲನ್ನು ಹಿಂದೆ ಅನ್ನಬೇಕು. ಅಕ್ಕ ಎತ್ತಿಕೊಡುವವಳು, ನಾನು ಹಿಂದೆ ಅನ್ನುವವಳು. ನಾನು ಕೂಡುತ್ತಿದ್ದುದೂ ಅವಳ ಬೆನ್ನ ಹಿಂದೆಯೇ, ಸೆರಗಿನ ಮರೆಯಲ್ಲಿ. ನನ್ನ ಬೆನ್ನಿಗೆ ಹಾಡಬ್ಯಾಡಬೇ, ಬೆನ್ನಿಗೆ ಕಿವಿ ಇಲ್ಲ ಎಂದು ಎಷ್ಟೋ ಸಲ ಬೈದಿದ್ದಾಳೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಹಂದರದೊಳಗೆ ಹೋಗುವುದನ್ನೇ ಬಿಟ್ಟೆ. ಯಾರೂ ಹೋಗಬೇಡ ಅನ್ನಲಿಲ್ಲ. ಅನ್ನುವ ಮೊದಲೇ ಹಿಂದೆ ಸರಿಯುವುದು ನನಗೆ ಚೆನ್ನಾಗಿ ಬರುತ್ತಿತ್ತು. ಅಕ್ಕನೇ ಕೈಹಿಡಿದು ಎಳೆದೊಯ್ದು ಹಂದರದ ಕಂಬದ ಆಚೆ, ತನ್ನ ಬೆನ್ನಿಗೆ ಹತ್ತಿರದಲ್ಲಿ ಕೂರಿಸುತ್ತಿದ್ದಳು. ಇಕಿ ಇಲ್ಲದಿದ್ದರ ನನಗ ಸಾಲ ಎತ್ತಾಕ ಆಗೂದಿಲ್ಲ ಎಂದು ಬೀಗರಿಗೆ ಹೇಳುತ್ತಿದ್ದಳು. ಆ ಮಾತು ನನ್ನ ಮರ್ಯಾದೆ ಉಳಿಸಲು ಆಡಿದ್ದೆಂದು ತಿಳಿದಿದ್ದೆ.

ಆಗ ಎಲ್ಲ ಕಡೆ ಮೊಬೈಲಿಗೆ ಹಾಡು ತುಂಬಿಸಿಕೊಡುವ ಅಂಗಡಿಗಳು ಹುಟ್ಟಿಕೊಂಡಿದ್ದವು. ನಿಮ್ಮಪ್ಪ ಅಥಣಿಗೆ ಹೋಗಿ ಉಗುರಿನಷ್ಟು ಒಂದು ಮೆಮರಿ ಕಾರ್ಡು ತುಂಬಿಸಿಕೊಂಡು ಬಂದ. ಇದರೊಳಗೆ ನೂರಾರು ಹಾಡುಗಳಿವೆ ಎಂದಾಗ ನಾನು ಬೆಪ್ಪಾಗಿ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕುಳಿತೆ. ಉಸಿರು ಬಿಟ್ಟರೆ ಹಾರಿಹೋಗುವಷ್ಟು ಹಗುರ. ಅಕ್ಕ ಬಗ್ಗಿ ನೋಡಿ, “ಅಷ್ಟೂ ಹಾಡ ಇದರಾಗ ಒಂದರ ಮ್ಯಾಲ ಒಂದ ಕೂತರ ಉಸಿರ ಕಟ್ಟೂದಿಲ್ಲೇನಪಾ?” ಎಂದು ಕೇಳಿದಳು. ನಿಮ್ಮಪ್ಪ ಕಾರ್ಡನ್ನು ಇಸಿದುಕೊಂಡು ಮೊಬೈಲಿಗೆ ಹಾಕಿದ.

ಅದೇ ವರ್ಷ ಅಕ್ಕನ ದನಿ ಒಡೆಯಿತು. ಮೊದಲು ಥಂಡಿ ಎಂದರು, ಆಮೇಲೆ ಉಷ್ಣ ಎಂದರು. ಹಲ್ಲಿಗೆ ಮಿಶ್ರಿ ತಿಕ್ಕುವುದನ್ನು ಬಿಡು ಎಂದು ನಾನು ಹೇಳುತ್ತಲೇ ಇದ್ದೆ. ಸುಟ್ಟ ತಂಬಾಕಿನ ಆ ಪುಡಿಯಿಲ್ಲದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಕಡೆಗೆ ನಿಮ್ಮಪ್ಪ ಅವಳನ್ನು ಮಿರಜಿನ ದವಾಖಾನೆಗೆ ಕರೆದೊಯ್ದ. ನಿಮ್ಮ ಅಜ್ಜನ ಅಣ್ಣ ಎಮ್ಮೆ ನೋಡಿಕೊಳ್ಳಲು ಮನೆಯಲ್ಲುಳಿದರು, ನಾನು ಜೊತೆಗೆ ಹೋಗಿದ್ದೆ. ಡಾಕ್ಟರು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಗಂಟಲಿನಲ್ಲಿ ಗಂಟಿದೆ, ಕೆಟ್ಟದ್ದು. ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ.

ದನಿಗೂ ಒಂದು ಪೆಟ್ಟಿಗೆ ಇರುತ್ತದೆ, ಅದನ್ನು ತೆಗೆದು ಹೊರಗಿಡಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕುಳಿತ ಮೇಲೆ ಅಕ್ಕನ ಮೊದಲ ಮಾತು ಜೀವದ ಬಗ್ಗೆ ಅಲ್ಲ.

“ನಮ್ಮ ಸ್ನೇಹಲಗ ಅರಿಷಿಣ ಹಚ್ಚುವಾಗ ಯಾರ ಹಾಡತಾರ?”

ಸ್ನೇಹಲ, ನೀನು ಆಗ ನಾಲ್ಕನೆಯ ಇಯತ್ತೆ, ಎರಡು ಜಡೆ, ಒಂದರಲ್ಲಿ ಯಾವಾಗಲೂ ರಿಬ್ಬನ್ ಇಲ್ಲ. ಓಂಕಾರ ಅಂಗನವಾಡಿಯ ಉಪ್ಪಿಟ್ಟಿಗೆ ಅಳುತ್ತಿದ್ದ. ಅಕ್ಕನಿಗೆ ಹೊಟ್ಟೆಯಲ್ಲಿ ಹುಟ್ಟಿದವರಿಲ್ಲ. ನಿಮ್ಮಪ್ಪನನ್ನು ನಾನು ಹಡೆದೆ, ಅವಳು ಎತ್ತಿ ಆಡಿಸಿದಳು. ನೀನು ಹುಟ್ಟಿದ ದಿನವೇ ನಿನ್ನ ಲಗ್ನದಲ್ಲಿ ತಾನೇ ಹಾಡುವುದೆಂದು ಸಾರಿದ್ದಳು. ಅದೊಂದೇ ಅವಳ ಆಸೆ.

ಉಪಾಯ ಹೇಳಿದ್ದು ನಿಮ್ಮವ್ವ ರೂಪಾ. ಆಪರೇಶನ್ನಿಗೆ ಇನ್ನೂ ದಿನಗಳಿವೆ, ಅಷ್ಟರಲ್ಲಿ ಎಲ್ಲ ಪದಗಳನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟರೆ ಸ್ನೇಹಲಳ ಲಗ್ನದಲ್ಲಿ ದೊಡ್ಡವ್ವನೇ ಹಾಡಿದಂತಾಗುತ್ತದೆ ಎಂದಳು. ತೊಡಕೆಂದರೆ ಮೊಬೈಲಿನಲ್ಲಿ ಜಾಗವಿಲ್ಲ. ನಿಮ್ಮಪ್ಪ ಯಾರಿಂದಲೋ ಹಳೆಯದಾಗಿ ಕೊಂಡ ಕಂಪ್ಯೂಟರಿನ ಹೊಟ್ಟೆಯೂ ತುಂಬಿ, ಅದು ಕೆಂಪು ಗೆರೆ ತೋರಿಸುತ್ತ ನರಳುತ್ತಿತ್ತು. ತುಂಬಿ ಇಡಲು ಬೇರೆ ಏನಾದರೂ ತರಬೇಕು.

ರೂಪಾಳ ತವರು ನಿಪ್ಪಾಣಿ. ಯಾವುದೋ ಕಾರ್ಯಕ್ಕೆ ನಾವಿಬ್ಬರೂ ಹೊರಟಿದ್ದೆವು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವಾಗ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯವನು ಕಪಾಟಿನಿಂದ ಸಣ್ಣ ಕರಿಯ ಪೆನ್‌ಡ್ರೈವ್ ತೆಗೆದಿಟ್ಟ. ಎಂಟು ಜಿಬಿ. ಬೇಕಾದರೆ ಎರಡು ಒಯ್ಯಿರಿ, ಒಂದರಲ್ಲಿ ಇದ್ದದ್ದನ್ನು ಇನ್ನೊಂದರಲ್ಲೂ ಇಟ್ಟುಕೊಳ್ಳಿ, ಕಳೆದುಕೊಳ್ಳಬಾರದ್ದನ್ನು ಒಂದೇ ಕಡೆ ಇಡಬಾರದು ಎಂದ. ಒಳ್ಳೆಯ ಮಾತೇ ಹೇಳಿದ. ಆದರೆ ಬೆಲೆ ಕೇಳಿ ರೂಪಾ ನನ್ನ ಮುಖ ನೋಡಿದಳು, ನಾನು ರೂಪಾಳ ಮುಖ ನೋಡಿದೆ. ವಸ್ತುವೋ, ಬೆಂಕಿಪೊಟ್ಟಣದ ಅರ್ಧವೂ ಇಲ್ಲ. ಬರುವಾಗ ನೋಡುತ್ತೇವೆ ಎಂದು ಎದ್ದೆವು.

ನಿಪ್ಪಾಣಿಯ ಸಂತೆಯಲ್ಲಿ, ಬಾಚಣಿಕೆ ಕನ್ನಡಿ ಮಾರುವವರ ಸಾಲಿನಲ್ಲಿ, ಒಬ್ಬ ಬಟ್ಟೆಯ ಮೇಲೆ ಇಂಥವನ್ನೇ ರಾಶಿ ಹಾಕಿಕೊಂಡು ಕುಳಿತಿದ್ದ. ನೀಲಿ ಬಣ್ಣ, ಬೆಳ್ಳಿಯ ಅಂಚು, ಮಿರಮಿರ ಮಿಂಚುವ ಪಾಕೀಟು. ಹೇ ಬಘಾ ಮಾವಶಿ, ಚೌಸಷ್ಟ, ಎಂದು ಮರಾಠಿಯಲ್ಲಿ ಕರೆದು ನನ್ನ ಕೈಗೇ ಕೊಟ್ಟ. ಅರವತ್ನಾಲ್ಕು ಜಿಬಿ, ಬೆಲೆ ಚಿಕ್ಕೋಡಿಯ ಎಂಟಕ್ಕಿಂತ ಕಡಿಮೆ. ರೂಪಾ ಓದಿದವಳು, ಸುಮ್ಮನೆ ಬಿಡಲಿಲ್ಲ, ಹಚ್ಚಿ ತೋರಿಸು ಎಂದಳು. ಅವನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಅರವತ್ನಾಲ್ಕು ಎಂದೇ ತೋರಿಸಿತು. ಒಂದು ಸಿನಿಮಾ ಹಾಡು ಹಾಕಿ ಕುಣಿಸಿಯೂ ತೋರಿಸಿದ. ರೂಪಾ ನನ್ನ ಕಡೆ ತಿರುಗಿ, ಅತ್ತಿ, ನೀವ ಹೇಳ್ರಿ, ಯಾವುದ ಬೇಕ್ರಿ, ಎಂದಳು.

ನನ್ನ ಜನ್ಮದಲ್ಲಿ ಅಂಗಡಿಯ ಮುಂದೆ ನಿಲ್ಲಿಸಿ ಯಾವುದು ಬೇಕೆಂದು ನನ್ನನ್ನು ಯಾರೂ ಕೇಳಿರಲಿಲ್ಲ. ಸೀರೆಯನ್ನೂ ಅಕ್ಕನೇ ಆರಿಸುತ್ತಿದ್ದಳು. ನಾವು ರೈತರ ಮನೆಯವರು, ಬೆಳೆ ಬರಲಿ ಬಾರದಿರಲಿ, ಕಾಳು ತುಂಬುವ ದೊಡ್ಡ ಗುಮ್ಮಿ ನೋಡಿದರೆ ಸಮಾಧಾನ. ನಾನು ನೀಲಿಯದರ ಮೇಲೆ ಬೆರಳಿಟ್ಟೆ. ತೋಳು ಭುಜದವರೆಗೆ ತೂರಿಸಿ ನೋಡುವವರ ಊರಿನಲ್ಲೇ ನಿಂತು, ಅವರನ್ನು ಕಂಡು ಅತ್ತವಳು ನಾನು, ಮೂಟೆಯ ಬಾಯಿಯನ್ನಷ್ಟೇ ನೋಡಿ ತಂದೆ.

ಹಾಡಿಕೆ ನಮ್ಮ ಪಡಸಾಲೆಯಲ್ಲಿ ನಡೆಯಿತು. ರೂಪಾ ಮೊಬೈಲನ್ನು ಡಬ್ಬಿಗೆ ಆನಿಸಿ ನಿಲ್ಲಿಸಿದಳು. ಅಕ್ಕನ ದನಿ ಒಡೆದಿತ್ತು, ಧಾಟಿ ಒಡೆದಿರಲಿಲ್ಲ. ಮೊದಲ ದಿವಸ ಬೀಸುವ ಪದಗಳು, ಕುಟ್ಟುವ ಪದಗಳು. ಸೋಬಾನವನ್ನು ಮಾತ್ರ ಕಡೆಗೆ ಇಟ್ಟುಕೊಂಡಳು. ಹಂದರವಿಲ್ಲದೆ, ಮದುಮಗಳಿಲ್ಲದೆ ಅವನ್ನು ಸುಮ್ಮಸುಮ್ಮನೆ ಹಾಡಬಾರದು ಎಂಬುದು ನಮ್ಮಲ್ಲಿಯ ರೂಢಿ. ಅದಕ್ಕೇ ನಿನ್ನನ್ನು, ಸ್ನೇಹಲ, ಶಾಲೆ ಬಿಡಿಸಿ ಮಣೆಯ ಮೇಲೆ ಕೂರಿಸಿದಳು. ಕೆನ್ನೆಗೆ ಅರಿಸಿನ ಹಚ್ಚಿದಳು. ನೀನು ಅಂಗಳದಲ್ಲಿ ಕುಂಟಲಿಪಿ ಆಡಬೇಕೆಂದು ಮುಖ ಊದಿಸಿಕೊಂಡಿದ್ದೆ. ಅಕ್ಕ ನಗುತ್ತಲೇ ಸಾಲು ಎತ್ತಿದಳು:

ಹೊಳಿಯಾಚೆ ಹೋಗೂವ ಮಗಳಽ ನೀ ತಿರುಗಿ ನೋಡ
ದಂಡ್ಯಾಗ ನಿಂತಾಳ ಹಡೆದವ್ವ

ನಾನು ಬೆನ್ನ ಹಿಂದೆ ಕುಳಿತು ಅದನ್ನೇ ಅಂದೆ. ನಡುವೆ ಕೋಳಿ ಕೂಗಿತು, ಹಾಲಿನವನು ಬಂದ, ಅಕ್ಕ ಪದದ ಧಾಟಿಯಲ್ಲೇ ಅವನಿಗೆ ಆಮೇಲೆ ಬಾರೋ ಎಂದಳು. ಪ್ರತಿದಿನ ಸಂಜೆಗೆ ರೂಪಾ ಮೊಬೈಲಿನಲ್ಲಿದ್ದದ್ದನ್ನು ಕಂಪ್ಯೂಟರಿನ ಮೂಲಕ ಪೆನ್‌ಡ್ರೈವಿಗೆ ಹಾಕಿ, ಒಂದೊಂದು ಪದಕ್ಕೂ ಹೆಸರು ಬರೆದು, ಮರುದಿನಕ್ಕೆ ಜಾಗವಾಗಲೆಂದು ಮೊಬೈಲಿನಿಂದ ಅಳಿಸುತ್ತಿದ್ದಳು. ಮೊದಲ ದಿವಸ ಹಾಕಿದ್ದನ್ನು ಮಾತ್ರ ತೆರೆದು ನೋಡಿದೆವು. ಚೆನ್ನಾಗಿ ಹಾಡಿತು.

ಎಲ್ಲ ತುಂಬಿದ ಮೇಲೆ ರೂಪಾ ಇನ್ನೊಮ್ಮೆ ಮೊದಲಿನಿಂದ ಕಡೆಯವರೆಗೆ ನೋಡೋಣ ಎಂದಳು. ಬೇಡ ಎಂದು ನಾನೂ ಅಕ್ಕನೂ ಒಂದೇ ದನಿಯಲ್ಲಿ ಹೇಳಿದೆವು. ನಮ್ಮ ಮನೆಯಲ್ಲಿ ಬೀಜದ ಕಾಳನ್ನು ಗಡಿಗೆಗೆ ತುಂಬಿ, ನಡುನಡುವೆ ಬೂದಿ, ಬೇವಿನೆಲೆ ಹಾಕಿ, ಬಾಯಿಗೆ ಸಗಣಿ ಮೆತ್ತಿದರೆ ಮುಗಿಯಿತು. ಬಿತ್ತುವ ದಿನದವರೆಗೆ ಯಾರೂ ತೆರೆಯಬಾರದು. ಇದ್ದಾವೋ ಇಲ್ಲವೋ ಎಂದು ತೆರೆತೆರೆದು ನೋಡಿದವರ ಕಾಳಿಗೆ ಗಾಳಿ ಹೊಕ್ಕು ನುಸಿ ಬೀಳುತ್ತದೆ. ಹೀಗೆಂದು ಅಕ್ಕ ಪೆನ್‌ಡ್ರೈವನ್ನು ಹೊಸ ಅರಿವೆಯಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಬೀಜದ ಜೋಳದ ಗಡಿಗೆಯ ಹೊಟ್ಟೆಯಲ್ಲಿ ಹುಗಿದು, ಬಾಯಿ ಮೆತ್ತಿಬಿಟ್ಟಳು. ನಿಮ್ಮವ್ವ ಬಾಗಿಲಲ್ಲಿ ನಿಂತು ತುಟಿ ಕಚ್ಚಿ ನಗುತ್ತಿದ್ದಳು. ಆದರೆ ತಡೆಯಲಿಲ್ಲ. ಮರುದಿನ ದವಾಖಾನೆಗೆ ಹೋಗುವವಳ ಕೈ ಯಾರು ಹಿಡಿಯುತ್ತಾರೆ?

ಆಪರೇಶನ್ ಚೆನ್ನಾಗಿಯೇ ಆಯಿತು. ಅಕ್ಕ ಮನೆಗೆ ಬಂದಾಗ ಕತ್ತಿನಲ್ಲಿ ಒಂದು ತೂತು, ಅದರ ಮೇಲೆ ತೆಳ್ಳನೆಯ ಬಟ್ಟೆ. ಉಸಿರು ಮೂಗಿನಿಂದಲ್ಲ, ಅಲ್ಲಿಂದ. ಮನೆಯ ಸದ್ದೇ ನಿಂತುಹೋಯಿತು. ಒಲೆಯಲ್ಲಿ ಕಟ್ಟಿಗೆ ಉರಿಯುವ ಸಪ್ಪಳ ಇಷ್ಟು ಜೋರಾಗಿರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎಮ್ಮೆ ಅವಳ ಕೂಗಿಲ್ಲದೆ ಮೇವಿಗೆ ಬಾಯಿ ಹಾಕುತ್ತಿರಲಿಲ್ಲ. ಕರೆಯಬೇಕಾದರೆ ಅಕ್ಕ ಚಪ್ಪಾಳೆ ತಟ್ಟುತ್ತಿದ್ದಳು. ಒಂದು ಚಪ್ಪಾಳೆಗೆ ನಾನು, ಎರಡಕ್ಕೆ ರೂಪಾ. ನೀವಿಬ್ಬರೂ ಕರೆಯದೆಯೇ ಅವಳ ತೊಡೆಯ ಮೇಲೆ ಇರುತ್ತಿದ್ದಿರಿ.

ಗಾಯ ಮಾಯುತ್ತ ಬಂದಾಗ ಒಂದು ಮಧ್ಯಾಹ್ನ ಅಕ್ಕ ಗಡಿಗೆಯ ಕಡೆ ಕೈ ತೋರಿಸಿದಳು. ತನ್ನ ಕಿವಿ ಮುಟ್ಟಿಕೊಂಡಳು. ತನ್ನ ದನಿ ಕೇಳಬೇಕೆಂದು. ಬಿತ್ತುವ ದಿನ ಬರದಿದ್ದರೂ ಬಾಯಿ ಒಡೆದೆವು. ಡಬ್ಬಿ ನೆಟ್ಟಗಿತ್ತು, ಅರಿವೆ ನೆಟ್ಟಗಿತ್ತು, ಒಂದು ನುಸಿ ಸಹ ಇಲ್ಲ. ರೂಪಾ ಕಂಪ್ಯೂಟರಿಗೆ ಹಚ್ಚಿದಳು. ಪರದೆಯ ಮೇಲೆ ಪದಗಳ ಹೆಸರುಗಳು ಸಾಲಾಗಿ ಮೂಡಿದವು. ಬೀಸುವ ಪದ ಹಾಡಿತು. ಅಕ್ಕ ಕಣ್ಣು ಮುಚ್ಚಿ ತಲೆದೂಗಿದಳು. ಆಮೇಲೆ ರೂಪಾ ಸುರಗಿ ಪದ ಒತ್ತಿದಳು. ಪರದೆ ಕಪ್ಪಾಗಿ ಏನೋ ಇಂಗ್ಲಿಷ್ ಬರೆಯಿತು. ಅರಿಸಿನದ ಪದ, ಅದೇ. ಹೆಣ್ಣು ಒಪ್ಪಿಸುವುದು, ಅದೇ. ರೂಪಾ ತೆಗೆದಳು, ಮತ್ತೆ ಹಚ್ಚಿದಳು, ಸೆರಗಿನಿಂದ ಒರೆಸಿದಳು, ಮತ್ತೆ ಹಚ್ಚಿದಳು. ಹೆಸರುಗಳೆಲ್ಲ ಅಲ್ಲಿಯೇ ಇದ್ದವು, ಒಂದೂ ಅಳಿಸಿರಲಿಲ್ಲ. ಒಳಗೆ ಯಾರೂ ಇರಲಿಲ್ಲ.

ಮನೆಯ ಬಾಗಿಲು, ಕಿಟಕಿ, ಮೇಲೆ ಬರೆದ ಹೆಸರು ಎಲ್ಲ ಇದ್ದು, ಬಾಗಿಲು ತೆರೆದರೆ ಬಯಲು ಕಂಡರೆ ಹೇಗಾಗುತ್ತದೆ? ನನಗೆ ಹಾಗಾಯಿತು. ಅಕ್ಕನ ಕಡೆ ತಿರುಗಲು ಧೈರ್ಯವಾಗಲಿಲ್ಲ.

ಮರುದಿನ ರೂಪಾ ಅದನ್ನು ಚಿಕ್ಕೋಡಿಯ ಅದೇ ಅಂಗಡಿಗೆ ಒಯ್ದಳು, ನಾನೂ ಜೊತೆಗೆ ಹೋದೆ. ಅವನು ಏನೇನೋ ಒತ್ತಿ ನೋಡಿ ತಲೆ ಅಲ್ಲಾಡಿಸಿದ. ಇದು ನಕಲಿ. ಇದರ ಹೊಟ್ಟೆ ನಾಲ್ಕೇ ಜಿಬಿ, ಬಾಯಲ್ಲಿ ಮಾತ್ರ ಅರವತ್ನಾಲ್ಕು ಎಂದು ಸುಳ್ಳು ಹೇಳುವಂತೆ ಮಾಡಿದ್ದಾರೆ. ನಾಲ್ಕು ತುಂಬಿದ ಮೇಲೆ ಹಾಕಿದ್ದಕ್ಕೆಲ್ಲ ಇದು ಹೂಂ ಹೂಂ ಅನ್ನುತ್ತದೆ, ಹೆಸರು ಬರೆದುಕೊಳ್ಳುತ್ತದೆ, ಮಾಲು ತೆಗೆದುಕೊಳ್ಳುವುದಿಲ್ಲ ಎಂದ.

“ಅಂದರ ಹಾಡ ಎಲ್ಲಿ ಹೋದುವ್ರಿ?” ನಾನು ಕೇಳಿದೆ. ಅಪರಿಚಿತ ಗಂಡಸಿಗೆ ನಾನಾಗಿ ಕೇಳಿದ ಮೊದಲ ಪ್ರಶ್ನೆ ಅದಿರಬೇಕು.

“ಎಲ್ಲೂ ಹೋಗಿಲ್ರಿ ಆಯಿ. ಒಳಗ ಬಂದಽ ಇಲ್ಲ.”

ಕಳ್ಳ ಬಂದು ಒಯ್ದಿದ್ದರೆ ಕಳ್ಳನನ್ನು ಶಪಿಸಬಹುದಿತ್ತು. ಬೆಂಕಿ ಬಿದ್ದಿದ್ದರೆ ಬೂದಿಯಾದರೂ ಸಿಗುತ್ತಿತ್ತು. ಹಾಡಿದ್ದು ಖರೆ, ತುಂಬಿದ್ದು ಖರೆ, ಮುಚ್ಚಿಟ್ಟದ್ದು ಖರೆ, ಆದರೆ ಅದು ಬಂದೇ ಇಲ್ಲ ಎಂದರೆ ಏನು ಮಾಡುವುದು? ಅಳಿಸಿದ್ದನ್ನು ಮೊಬೈಲಿನಿಂದ ಮೇಲೆತ್ತಲು ನಿಮ್ಮಪ್ಪ ಅಥಣಿಯವರೆಗೆ ಹೋಗಿ ಬಂದ. ಅಳಿಸಿದ ಜಾಗದ ಮೇಲೆಯೇ ಮತ್ತೆ ಮತ್ತೆ ತುಂಬಿದ್ದರಿಂದ ಏನೂ ಸಿಗಲಿಲ್ಲ. ನಿಪ್ಪಾಣಿಯಲ್ಲಿ ಬಟ್ಟೆ ಹಾಸಿ ಮಾರುತ್ತಿದ್ದ ಆ ಮನುಷ್ಯ ಸಿಗಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಇದನ್ನು ಅಕ್ಕನಿಗೆ ತಿಳಿಸುವುದು ನನ್ನ ಪಾಲಿಗೆ ಬಂತು. ಅವಳ ಮುಂದೆ ಕುಳಿತು ಅಂಗಡಿಯವನ ಮಾತನ್ನೆಲ್ಲ ಹೇಳಿದೆ. ಹೂಂ ಹೂಂ ಅನ್ನುವ, ಹೆಸರು ಬರೆದುಕೊಳ್ಳುವ, ಏನನ್ನೂ ತೆಗೆದುಕೊಳ್ಳದ ಆ ವಸ್ತುವಿನ ಕಥೆ ಕೇಳುತ್ತ ಅಕ್ಕನ ಮೈ ನಡುಗತೊಡಗಿತು. ಭುಜ ಕುಣಿಯುತ್ತಿದ್ದವು, ಕತ್ತಿನ ಬಟ್ಟೆ ಹಾರಿ ಹಾರಿ ಬೀಳುತ್ತಿತ್ತು, ಕಣ್ಣಲ್ಲಿ ನೀರು. ನಾನು ಗಾಬರಿಯಾಗಿ ರೂಪಾಳನ್ನು ಕೂಗಿದೆ. ರೂಪಾ ಬಂದು ನೋಡಿ, ಅತ್ತಿ, ದೊಡ್ಡವ್ವ ನಗಾಕತ್ತಾಳ್ರಿ, ಎಂದಳು. ದನಿಯಿಲ್ಲದ ನಗೆ ಹೇಗಿರುತ್ತದೆ ಎಂದು ನಾನು ಮೊದಲು ಕಂಡದ್ದು ಆಗ. ಅಕ್ಕ ನಿಮ್ಮ ಅಪ್ಪನ ಕಡೆ ಬೆರಳು ತೋರಿಸಿ, ಹೂಂ ಹೂಂ ಎಂದು ತಲೆ ಆಡಿಸಿ, ಮತ್ತೆ ನಕ್ಕಳು. ಹೆಂಡತಿ ಹೇಳಿದ್ದಕ್ಕೆಲ್ಲ ಅವನೂ ಹೀಗೇ ಮಾಡುತ್ತಾನೆಂದು.

ನಗೆ ನಿಂತ ಮೇಲೆ, ಸ್ನೇಹಲ, ನಿನ್ನ ಕಡೆ ನೋಡಿದಳು. ಆಮೇಲೆ ಎದ್ದು ದೇವರ ಮುಂದಿನ ಅರಿಸಿನದ ಬಟ್ಟಲು ತಂದಳು. ಮಣೆ ಹಾಕಿ ನಿನ್ನನ್ನು ಕೂರಿಸಿದಳು. ರೂಪಾಳಿಗೆ ಮೊಬೈಲ್ ತೋರಿಸಿದಳು. ಕಡೆಗೆ ನನ್ನ ರಟ್ಟೆ ಹಿಡಿದು ಎಳೆದು, ತನ್ನ ಬೆನ್ನ ಹಿಂದಲ್ಲ, ತನ್ನ ಮುಂದೆ, ಮುಖಕ್ಕೆ ಮುಖ ಕೊಟ್ಟು ಕೂರಿಸಿದಳು.

ನನಗೆ ಅರ್ಥವಾಯಿತು. ನನ್ನಿಂದ ಆಗದು ಎಂದೆ. ನನಗೆ ಪದವೇ ಬರುವುದಿಲ್ಲ ಎಂದೆ. ಕಡೆಗೆ ಖರೆ ಮಾತು ಬಂತು: “ಅಕ್ಕಾ, ನಾ ಹಾಡಬಾರದ. ಹುಡಿಗಿ ಸೋಬಾನ ಐತಿ. ನನ್ನ ಬಾಯಿಲೆ ಬ್ಯಾಡ.”

ಅಕ್ಕ ಬಟ್ಟಲಿನಲ್ಲಿ ಬೆರಳದ್ದಿ ನನ್ನ ಕೆನ್ನೆಗೆ ಅರಿಸಿನ ಎಳೆದುಬಿಟ್ಟಳು.

ಕೆಂಡ ತಾಗಿದಂತೆ ಹಿಂದೆ ಸರಿದೆ. ನಿಮ್ಮ ಅಜ್ಜ ಹೋದ ಮೇಲೆ ಆ ತಂಪು ನನ್ನ ಮೈಗೆ ಸೋಕಿರಲಿಲ್ಲ. ಒರೆಸಿಕೊಳ್ಳಲು ಕೈ ಎತ್ತಿದೆ, ಅಕ್ಕ ಆ ಕೈಯನ್ನು ಹಿಡಿದಿಟ್ಟಳು. ಮುತ್ತೈದೆಯೊಬ್ಬಳು ನನಗೆ ಹಚ್ಚಿದ್ದು ನಿಮ್ಮೆಲ್ಲರ ಕಣ್ಣೆದುರಿಗೆ, ಹಾಡಹಗಲಲ್ಲಿ. ಆಗ ನಿಮ್ಮವ್ವ ಮೊಬೈಲ್ ಹಿಡಿದುಕೊಂಡೇ ಹೇಳಿದಳು:

“ಅತ್ತಿ, ನೀವೇನ ಹಾಡಾಕತ್ತಿಲ್ಲರಿ. ಹಾಡಾಕಿ ದೊಡ್ಡವ್ವ. ನೀವು ಹಿಂದ ಅನ್ನಾಕಿ ಅಷ್ಟ, ದಿನಾ ಅಂದಂಗ.”

ಅಕ್ಕ ತೊಡೆಯ ಮೇಲೆ ತಾಳ ಹಾಕಿದಳು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಸುಳ್ಳಲ್ಲ, ನಿಜಕ್ಕೂ ಬರಲಿಲ್ಲ. ಅಷ್ಟು ವರ್ಷ ಅಂದ ಪದದ ಮೊದಲ ಮಾತೇ ನನ್ನಲ್ಲಿ ಇರಲಿಲ್ಲ. ಯಾರಾದರೂ ಸಾಲು ಎತ್ತಿಕೊಟ್ಟರೆ ಮಾತ್ರ ನನ್ನ ಬಾಯಿ ಅದನ್ನು ಗುರುತು ಹಿಡಿಯುತ್ತಿತ್ತು. ಶಾಲೆಯ ಮಗ್ಗಿಯ ಹುಡುಗಿಯೇ ನಾನು ಇನ್ನೂ.

ಅಕ್ಕನಿಗೆ ಅದು ತಿಳಿಯಿತು. ತಾಳ ನಿಲ್ಲಿಸದೆ, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಬಾಯಿ ತೆರೆದು ಹಾಡತೊಡಗಿದಳು. ದನಿಯಿಲ್ಲ, ಉಸಿರೂ ಬಾಯಿಯಿಂದಿಲ್ಲ. ತುಟಿ ಮಾತ್ರ. ಹೊಳಿಯಾಚೆ. ಹೋಗೂವ. ಮಗಳ. ಧಾಟಿ ಎಲ್ಲಿ ಏರುತ್ತದೋ ಅಲ್ಲಿ ಹುಬ್ಬು ಏರಿತು, ಎಲ್ಲಿ ಎಳೆಯಬೇಕೋ ಅಲ್ಲಿ ಕತ್ತು ಎಳೆಯಿತು. ಸಾಲು ಮುಗಿಸಿ ನನ್ನ ತೊಡೆಗೊಂದು ಏಟು ಕೊಟ್ಟಳು. ನನ್ನ ಬಾಯಿಂದ ಅದೇ ಸಾಲು, ಪೂರಾ, ತಾನಾಗಿ ಹೊರಬಂತು.

ಆ ದನಿ ಕೇಳಿ ನಾನೇ ಬೆಚ್ಚಿದೆ. ಇಷ್ಟು ದಿನ ಅಕ್ಕನ ದನಿಯ ಕೆಳಗೆ ಹರಿದದ್ದು ಇದೇನಾ ಎನಿಸಿತು. ಓಂಕಾರ ನನ್ನ ಬಾಯಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಅಕ್ಕ ಎರಡನೆಯ ಸಾಲನ್ನು ತುಟಿಯಲ್ಲಿ ಎತ್ತಿದಳು, ನಾನು ಅಂದೆ. ಮಾತು ತಪ್ಪಿದರೆ ಚಿವುಟಿದಳು, ಧಾಟಿ ತಪ್ಪಿದರೆ ತಲೆಗೆ ಮೊಟಕಿದಳು. ಹಾಗೆ ಮಾಡುತ್ತ ಮಾಡುತ್ತ ಸುರಗಿ, ಅರಿಸಿನ, ಒಪ್ಪಿಸುವುದು, ಎಲ್ಲವೂ ಆದವು. ಮುಗಿಯುವ ಹೊತ್ತಿಗೆ ನನ್ನ ತೊಡೆ ನೀಲಿಗಟ್ಟಿತ್ತು. ಈ ಸಲ ರೂಪಾ ಚಿಕ್ಕೋಡಿಯಿಂದ ಆ ಸಣ್ಣ ಕರಿಯವನ್ನೇ ಎರಡು ತಂದಳು. ಎರಡರಲ್ಲೂ ತುಂಬಿ, ಕಡೆಯ ಪದವನ್ನೇ ಮೊದಲು ತೆರೆದು ನೋಡಿದಳು. ಗಡಿಗೆಯ ಹತ್ತಿರ ಅವನ್ನು ಯಾರೂ ಒಯ್ಯಲಿಲ್ಲ.

ಅಕ್ಕ ಆಮೇಲೆ ಕೆಲವು ವರ್ಷ ಬದುಕಿದಳು, ನಿಮಗೆ ನೆನಪಿದೆ. ಚಪ್ಪಾಳೆಯಲ್ಲೇ ಮನೆ ಆಳಿದಳು.

ಓಂಕಾರ, ಮೊನ್ನೆ ನೀನು ಆ ಹಳೆಯ ವಿಡಿಯೋಗಳಿಂದ ಬರಿಯ ಹಾಡನ್ನು ಬೇರೆ ಮಾಡುತ್ತ, ಆಯಿ, ಪ್ರತಿ ಸಾಲಿನ ಮೊದಲ ಬರೇ ಖಾಲಿ ಐತಿ, ತೊಡಿ ತಟ್ಟೂದ ಬಿಟ್ಟರ ಏನೂ ಕೇಳೂದಿಲ್ಲ, ಅದನ್ನೆಲ್ಲ ಕತ್ತರಿಸಿ ಒಂದಕ್ಕೊಂದ ಜೋಡಸ್ತೇನು, ಜಾಗಾನೂ ಉಳೀತೈತಿ ಎಂದೆ. ನಾನು ಬೇಡ ಎಂದೆ, ಯಾಕೆಂದು ಹೇಳಲು ಬಾಯಿ ಬರಲಿಲ್ಲ. ಈಗ ಹೇಳುತ್ತೇನೆ. ಅದು ಖಾಲಿಯಲ್ಲ ಮಗಾ. ಅಲ್ಲಿ ನಿಮ್ಮ ದೊಡ್ಡಾಯಿ ಹಾಡುತ್ತಿದ್ದಾಳೆ. ಮೊದಲು ಅವಳು, ಆಮೇಲೆ ನಾನು. ಆ ಜಾಗ ಕತ್ತರಿಸಿದರೆ ನಾನೊಬ್ಬಳೇ ಹಾಡಿದಂತಾಗುತ್ತದೆ, ಅದು ಸುಳ್ಳು.

ಸ್ನೇಹಲ, ನಿನ್ನ ಹಂದರದಲ್ಲಿ ಆ ಬರಿಯ ಹಾಡನ್ನು ಹಾಕಿದಾಗ ಬೀಗರು ಯಂತ್ರ ಕೆಟ್ಟಿತೇ ಎಂದು ಕೇಳಬಹುದು. ಆಗ ನಾನು ಇರುತ್ತೇನೋ ಇಲ್ಲವೋ. ಇದ್ದರೂ ಅಷ್ಟು ಜನರ ಮುಂದೆ ನನ್ನಿಂದ ಹೇಳಲಿಕ್ಕಾಗುವುದಿಲ್ಲ. ಡಿಸ್ಕು ಯಾವುದನ್ನಾದರೂ ತನ್ನಿ, ಹಾಡನ್ನು ಎರಡು ಕಡೆ ಇಡಿ. ಅದರ ಜೊತೆಗೆ ಈ ಹಾಳೆಗಳನ್ನೂ ಇಡಿ, ಕಳೆಯಬೇಡಿ. ಆ ಸುಮ್ಮನಿರುವ ಹೊತ್ತಿನಲ್ಲಿ ಯಾರು ಹಾಡುತ್ತಿದ್ದಾರೆ ಎಂದು ಬರೆದಿರುವುದು ಇವುಗಳಲ್ಲಿ ಮಾತ್ರ.